ಅಪ್ಪನ ಓಡುವ ಅಕ್ಷರಗಳು

ಸೀಮೆಎಣ್ಣೆ ಬುಡ್ಡಿಯ ಮಸಿಯ ವಾಸನೆ ಮೂಗಿಗೆ ಬಡಿದರೆ ಈಗಲೂ ನಾನು ನಿಂತು ಸುತ್ತ ನೋಡುತ್ತೇನೆ. ತಿ. ನರಸೀಪುರದಲ್ಲಿ ನಾವಿದ್ದ ಎರಡು ಕೋಣೆಯ ಬಾಡಿಗೆ ಮನೆಗೆ ಆ ವಾಸನೆಯೇ ಗುರುತು. ಅಪ್ಪ ಟಾಕೀಸಿಗೆ ಸ್ಲೈಡ್ ಬರೆಯುತ್ತಿದ್ದರು. ಅಂಗೈಯಗಲದ ಗಾಜನ್ನು ಬುಡ್ಡಿಯ ಮೇಲೆ ಹಿಡಿದು ಕಪ್ಪಾಗಿಸಿ, ಸೂಜಿಯಿಂದ ಕೆರೆದು ಅಕ್ಷರ ಮೂಡಿಸುವುದು. ಇಂಟರ್‌ವಲ್ಲಿನಲ್ಲಿ ಅದರ ಹಿಂದೆ ದೀಪ ಹತ್ತಿದರೆ ಪರದೆ ತುಂಬ ಬಟ್ಟೆ ಅಂಗಡಿಯ ಹೆಸರು. ಅಷ್ಟಕ್ಕೇ ಅಪ್ಪನಿಗೆ ಸಮಾಧಾನವಿರಲಿಲ್ಲ. ಬರೆದ ಗಾಜಿನ ಮುಂದೆ ಇನ್ನೊಂದು ಮಸಿ ಗಾಜನ್ನಿಟ್ಟು ಮೆಲ್ಲಗೆ ಪಕ್ಕಕ್ಕೆ ಎಳೆಯುತ್ತಿದ್ದರು. ಅಕ್ಷರಗಳು ಒಂದೊಂದಾಗಿ ಕಣ್ಣು ಬಿಡುತ್ತಿದ್ದವು. ಜನ ಶಿಳ್ಳೆ ಹೊಡೆಯುತ್ತಿದ್ದರು, ನಾನು ಬೆಂಚಿನ ಮೇಲೆ ಹತ್ತಿ ನಿಲ್ಲುತ್ತಿದ್ದೆ. ಈಗಿನ ಮಕ್ಕಳು ಅಕ್ಷರ ಕುಣಿಸುವುದನ್ನು ಕಲಿಯಲು ಮೋಷನ್ ಗ್ರಾಫಿಕ್ಸ್ ಎಂದು ಕೋರ್ಸು ಸೇರುವುದನ್ನು ಕಂಡಾಗ, ನಮ್ಮಪ್ಪ ಇದನ್ನೆಲ್ಲ ಬುಡ್ಡಿ ದೀಪದಲ್ಲೇ ಮಾಡಿದ್ದರು ಎಂದು ಹೇಳಬೇಕೆನಿಸುತ್ತದೆ. ಯಾರು ನಂಬುತ್ತಾರೆ?

ಆದರೆ ಅಲ್ಲಿ ಎಲ್ಲರೂ ಹೆದರುತ್ತಿದ್ದ ಸ್ಲೈಡ್ ಒಂದಿತ್ತು. ಸಿನಿಮಾದ ನಡುವೆಯೇ ಪರದೆಯ ಮೇಲೆ ಅವಸರದ ಅಕ್ಷರ ಬೀಳುತ್ತಿತ್ತು: ಇಂಥ ಊರಿನ ಇಂಥವರು ಕೂಡಲೇ ಹೊರಗೆ ಬರಬೇಕು. ಏಕೆಂದು ಬರೆದಿರುತ್ತಿರಲಿಲ್ಲ, ಬರೆಯಬೇಕಾಗಿಯೂ ಇರಲಿಲ್ಲ; ಮನೆಯಲ್ಲಿ ಸಾವೋ ಅಪಘಾತವೋ ಆಗಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಕತ್ತಲಲ್ಲಿ ಒಬ್ಬರು ಎದ್ದು, ಸಾಲಿನವರ ಮೊಣಕಾಲು ತಡವುತ್ತಾ ಹೊರಗೆ ಹೋಗುವುದನ್ನು ಉಳಿದವರು ಕತ್ತು ಹೊರಳಿಸಿ ನೋಡುತ್ತಿದ್ದರು. ಆಮೇಲೆ ಮತ್ತೆ ಹಾಡಿಗೆ ತಲೆದೂಗುತ್ತಿದ್ದರು. ಆ ಸ್ಲೈಡುಗಳನ್ನೂ ಬರೆಯುತ್ತಿದ್ದುದು ಅಪ್ಪನೇ.

ಟಾಕೀಸು ಮುಚ್ಚಿದ ಮೇಲೆ ನಂಜನಗೂಡಿಗೆ ಬಂದೆವು. ಕೇಬಲ್ ಟಿವಿ ಆಫೀಸಿನಲ್ಲಿ ಅಪ್ಪನಿಗೆ ಕಂಪ್ಯೂಟರ್ ಮುಂದೆ ಕೆಲಸ ಸಿಕ್ಕಿತು. ಮೌಸ್ ಹಿಡಿಯಲು ಹೆಣಗಿದ ಕೈ ವರ್ಷ ತುಂಬುವುದರೊಳಗೆ ಅಕ್ಷರಗಳನ್ನು ಗಿರಗಿರನೆ ತಿರುಗಿಸುತ್ತಿತ್ತು, ಹೂವಿನೆಸಳಿನಂತೆ ಉದುರಿಸುತ್ತಿತ್ತು. ಟಿವಿ ಪರದೆಯ ಕೆಳಗಿನ ನೀಲಿ ಪಟ್ಟಿಯಲ್ಲಿ ಅಪ್ಪ ಬರೆದ ತಾಲ್ಲೂಕಿನ ಸುದ್ದಿ ಬಲದಿಂದ ಎಡಕ್ಕೆ ಓಡುತ್ತಿತ್ತು. ನಿಮಗೂ ನೆನಪಿರಬಹುದು, ನಮ್ಮ ಕನ್ನಡದಲ್ಲಿ ಏನಾಯಿತೆಂದು ತಿಳಿಯುವುದು ವಾಕ್ಯದ ಕೊನೆಗೆ. ದೇವನೂರಿನ ಇಂಥವರ ಮಗಳು ಇಂಥವಳು ಎಂದು ಹೆಸರು ಬಂದು ಹೋದರೂ, ಪಾಸಾದಳೋ, ಮದುವೆಯಾದಳೋ, ಸತ್ತಳೋ ಎಂಬುದು ಪರದೆಯಾಚೆ ಇನ್ನೂ ಕಾಯುತ್ತಿರುತ್ತಿತ್ತು. ಅವ್ವನಿಗೆ ಆ ಪಟ್ಟಿ ಕಂಡರಾಗುತ್ತಿರಲಿಲ್ಲ.

"ಸುದ್ದಿ ಏಳೋದಿದ್ರೆ ಒಂದೇ ಸಲ ಏಳ್ಬುಡಿ. ಇಂಗೆ ಎಳ್ದೆಳ್ದು ಯಾಕ್ ಜೀವ ತಿಂತೀರಿ?" ಎಂದು ಅಪ್ಪನನ್ನು ಬೈಯುತ್ತಿದ್ದಳು. ಅಪ್ಪ ನಕ್ಕುಬಿಡುತ್ತಿದ್ದರು.

ಆ ವರ್ಷ ಅವ್ವನ ಒಬ್ಬನೇ ತಮ್ಮ, ಕವಲಂದೆಯ ಸಿದ್ಧರಾಜು ಮಾವ, ಕಾಮಾಲೆ ಹೆಚ್ಚಾಗಿ ಮೈಸೂರಿನ ಆಸ್ಪತ್ರೆ ಸೇರಿದ. ಅವ್ವ ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ ಅವನು. ಮನೆಯಲ್ಲಿ ಫೋನಿರಲಿಲ್ಲ, ಸುದ್ದಿ ಬಂದರೆ ಅಪ್ಪನ ಆಫೀಸಿಗೇ ಬರಬೇಕು. ಅಪ್ಪ ಪ್ರತಿ ಸಂಜೆ ಬಂದು ಪರವಾಗಿಲ್ಲವಂತೆ ಎನ್ನುತ್ತಿದ್ದರು, ಅವ್ವ ಅವರ ಮುಖವನ್ನು ನೋಡುತ್ತಿದ್ದಳೇ ಹೊರತು ಮಾತನ್ನು ನಂಬುತ್ತಿರಲಿಲ್ಲ. ಕಂಡರಾಗದ ಆ ಪಟ್ಟಿಯ ಮುಂದೆಯೇ ಅಕ್ಕಿಯ ಮೊರ ಹಿಡಿದು ಕೂರತೊಡಗಿದಳು. ಬಲಗಡೆಯಿಂದ ಕವಲಂದೆ ಎಂಬ ಪದ ತಲೆ ಹಾಕಿದರೆ ಸಾಕು, ಮೊರದಲ್ಲಿ ಕೈ ನಿಂತುಬಿಡುತ್ತಿತ್ತು. ನಾಳೆ ಕರೆಂಟ್ ಇರುವುದಿಲ್ಲ ಎಂದು ಕೊನೆಗೆ ಬಂದರೆ ಕಲ್ಲು ಹೆಕ್ಕುವುದು ಮುಂದುವರಿಯುತ್ತಿತ್ತು. ಅವಳ ಭಯ ನನಗೂ ಅಂಟಿತು. ಶಾಲೆಯಿಂದ ಬಂದವಳೇ ಅವಳ ಮಗ್ಗುಲಿಗೆ ಕೂತು ನಾನೂ ಕಾಯುತ್ತಿದ್ದೆ.

ಒಂದು ಸಂಜೆ ಪಟ್ಟಿಯಲ್ಲಿ ಬಂತು: ಕವಲಂದೆಯ ಸಿದ್ಧರಾಜು, ಇಪ್ಪತ್ತೊಂಬತ್ತು ವರ್ಷ. ಅಷ್ಟೇ. ಮುಂದೆ ಖಾಲಿ ನೀಲಿ. ಬೇರೆ ಊರುಗಳ ಸುದ್ದಿ ಹೋಗಿ ಮತ್ತೆ ಅದೇ ಸಾಲು ಬಂತು, ಮತ್ತೆ ಅಲ್ಲಿಗೇ ಮುಗಿಯಿತು. ನಾನು ಟಿವಿಯ ಹತ್ತಿರ ಹೋಗಿ ಬಲಗಡೆಯ ಅಂಚಿಗೆ ಕಣ್ಣಿಟ್ಟೆ. ಮುಂದಿಂದು ಇನ್ನೂ ಬಂದಿಲ್ಲ ಎಂದು ಅವ್ವನಿಗೆ ಹೇಳಿದೆ.

ಅವ್ವ ಮೊರ ಕೆಳಗಿಟ್ಟಳು. "ಬರಾಕಿಲ್ಲ ಕಣವ್ವ. ನಿಮ್ಮಪ್ಪನ ಕೈಲಿ ಬರ್ಯಾಕಾಗಿಲ್ಲ," ಎಂದಳು.

ಅಳಲಿಲ್ಲ. ಎದ್ದು ಸೀರೆ ಬದಲಿಸಿ, ನನ್ನ ತಲೆ ಬಾಚಿ, ಬಾಗಿಲಲ್ಲಿ ನಿಂತಳು. ಪಕ್ಕದ ಮನೆಯವರು ನಿಮ್ಮ ತಮ್ಮನಿಗೆ ಏನಂತೆ, ಸಾಲು ಅರ್ಧಕ್ಕೇ ನಿಂತಿದೆಯಲ್ಲ ಎಂದು ಕೇಳಲು ಬಂದವರು, ಅವಳನ್ನು ನೋಡಿ ಹಾಗೆಯೇ ಹಿಂದಿರುಗಿದರು. ಅಪ್ಪ ಬೀದಿಯ ತುದಿಯಲ್ಲಿ ಕಾಣಿಸಿಕೊಂಡರು. ತಲೆ ತಗ್ಗಿಸಿ, ಮನೆ ತಲುಪಲು ಇಷ್ಟವಿಲ್ಲದವರ ಹಾಗೆ ನಡೆದು ಬರುತ್ತಿದ್ದರು. ಇಂದು ಅವರಿಬ್ಬರೂ ಇಲ್ಲ. ಅಂದು ಅಪ್ಪ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತರು. ಒಳಗೆ ಟಿವಿಯಲ್ಲಿ ಮಾವನ ಊರು, ಹೆಸರು, ವಯಸ್ಸು ಇನ್ನೂ ಬಂದು ಹೋಗುತ್ತಿದ್ದವು. ಆಫ್ ಮಾಡಲು ಮೂವರಲ್ಲಿ ಯಾರಿಗೂ ಮನಸ್ಸಾಗಲಿಲ್ಲ. ಹಾಗೆಯೇ ಬಾಗಿಲೆಳೆದುಕೊಂಡು ಕವಲಂದೆಯ ಬಸ್ಸಿಗೆ ಹೊರಟೆವು.