ಕಿಡಿ ಹಾರಿಸುವ ಖಲಂದರಸಾಬರು
ಹಾನಗಲ್ಲಿನ ಉತ್ಸವವಾಗಲಿ, ಬಂಕಾಪುರದ ಕೋಟೆಯಾಗಲಿ, ಹಿರೇಕೆರೂರಿನ ಕೃಷಿಮೇಳವಾಗಲಿ, ಹಳೇ ಕಾಲದ ಕಮ್ಮಾರಿಕೆಯನ್ನು ಜನರಿಗೆ ತೋರಿಸಲು ಶಿಗ್ಗಾಂವಿಯ ಖಲಂದರಸಾಬರು ದಂಡಯಾತ್ರೆಗೆಂಬಂತೆ ಹೊರಡುತ್ತಾರೆ: ಟಂಟಂ ಗಾಡಿಯಲ್ಲಿ ಮುಂದೆ ಕಬ್ಬಿಣ ಬಡಿಯುವ ಅಡಿಗಲ್ಲು, ಹಿಂದೆ ಗಾಳಿ ಊದುವ ತಿದಿ, ನಡುವೆ ಅವರ ಮೀಸೆ. ನೋಡುವವರಿಗೆ ಬೇಕಾದದ್ದು ಕಿಡಿ ಮಾತ್ರ. ಹಾಗಾಗಿ ಸಾಬರು ಆರು ವರ್ಷದಿಂದ ಒಂದೇ ಕಬ್ಬಿಣದ ತುಂಡನ್ನು ಕಾಯಿಸಿ ಬಡಿಯುತ್ತಿದ್ದಾರೆ. ಹಾನಗಲ್ಲಿನಲ್ಲಿ ಅದು ರಾಜನ ಕತ್ತಿ. ಹಿರೇಕೆರೂರಿಗೆ ಬರುವಷ್ಟರಲ್ಲಿ ನೇಗಿಲ ಕುಳ. ಆಕಾರ ಮಾತ್ರ ಎಲ್ಲೂ ಬದಲಾಗುವುದಿಲ್ಲ. "ಹಿಂದಕ್ಕ ಸರೀರಿ, ಸಾಹೇಬ್ರು ಯಾರು, ಶಿಪಾಯಿ ಯಾರು ಕಿಡಿಗೆ ತಿಳಿಯೂದಿಲ್ಲ" ಎಂದು ಗುಡುಗುತ್ತಾರೆ. ಫೋಟೊಗೆಂದು ಸುತ್ತಿಗೆ ಎತ್ತಿದರೆ ಬೆಳಕು ಸರಿಬೀಳುವ ತನಕ ಇಳಿಸುವುದಿಲ್ಲ. ಕೊನೆಗೆ ಪ್ರತಿ ಸಲವೂ ಆಸೆಯಿಂದ ಕೇಳುತ್ತಾರೆ: "ಮನ್ಯಾಗ ಮೊಂಡಾದ ಕುಡಗೋಲಿದ್ರ ತರ್ರಿ, ಹದ ಮಾಡಿಕೊಡ್ತೇನಿ." ಜನ ಅದನ್ನೂ ಆಟದ ಮಾತೆಂದು ತಿಳಿದು ಚಪ್ಪಾಳೆ ತಟ್ಟುತ್ತಾರೆ. ಮೊನ್ನೆ ಕೋಟೆಯಲ್ಲಿ ಹುಲ್ಲು ಕೊಯ್ಯುತ್ತಿದ್ದ ಭರಮವ್ವ ಜನರನ್ನು ಸರಿಸಿಕೊಂಡು ಬಂದು, "ಅಣ್ಣಾ, ಇದು ಹುಲ್ಲು ಕೊಯ್ಯೂದಿಲ್ಲ, ಬರೇ ಸವರತೈತಿ ನೋಡು" ಎಂದು ತನ್ನ ಕುಡಗೋಲು ಚಾಚಿದಳು. ಸಾಬರ ಭಾಷಣ ಅಲ್ಲಿಗೇ ನಿಂತಿತು. ಜನರಿಗೆ ಬೆನ್ನು ತಿರುಗಿಸಿ ಕೂತು, ಒಂದು ಕಿಡಿಯೂ ಹಾರದಂತೆ ಸಣ್ಣಗೆ ತಟ್ಟಿ, ಅಲಗನ್ನು ಉಗುರಿನ ಮೇಲಿಟ್ಟು ನೋಡಿ, ಮತ್ತೆ ತಟ್ಟತೊಡಗಿದರು. ಬೇಸತ್ತ ಜನ ಒಬ್ಬೊಬ್ಬರಾಗಿ ಕರಗಿದರು. "ಶೋ ಮುಗೀತೇನ್ರಿ ಸಾಬ್ರ?" ಎಂದು ಮೊಬೈಲು ಹಿಡಿದು ಕಾಯುತ್ತಿದ್ದವನೊಬ್ಬ ಕೇಳಿದ. ಸಾಬರು ತಲೆ ಎತ್ತದೆ, "ಮುಗೀತು. ಈಗ ಕೆಲಸ ನಡದೈತಿ" ಎಂದರು.