ಬಾನ್ವಿ ಹೊಳೆಯಲ್ಲಿ ತಪ್ಪಿದ ಸರದಿ

ಮೆರ್ವಿನ್ ಮಣ್ಣಾಗಿ ಒಂಬತ್ತು ವರ್ಷವಾಯಿತು. ಆದರೂ ಅವನು ತನ್ನ ಗಾಳದ ಸರದಿ ಕದ್ದ ಎಂಬ ಸಿಟ್ಟು ಇಡ್ವಲ್ ಪ್ರಾಸರ್‌ನ ಹೊಟ್ಟೆಯಲ್ಲಿ ಇನ್ನೂ ಆರಿಲ್ಲ. ಹೆಂಡದಂಗಡಿಯಲ್ಲಿ ಯಾರಾದರೂ ಬಾನ್ವಿ ಹೊಳೆಯ ಮಾತೆತ್ತಿದರೆ ಅವನ ಕುತ್ತಿಗೆಯ ನರ ಉಬ್ಬುತ್ತದೆ. "ಸತ್ತೋನ ಬಗ್ಗೆ ಹಾಗನ್ಬಾರ್ದು" ಎಂದರೆ, "ಸತ್ರೆ ಕಳ್ಳ ಕಳ್ಳ ಅಲ್ದೆ ಹೋಗ್ತಾನಾ?" ಎಂದು ಮೇಜು ಗುದ್ದುತ್ತಾನೆ, ಎಡಗೈಯಲ್ಲಿ. ಬಲಗೈ ಗುದ್ದುವ ಸ್ಥಿತಿಯಲ್ಲಿಲ್ಲ.

ಇಡ್ವಲ್ ರಾಯಡರ್ ಊರಿನ ಕಸಾಯಿಖಾನೆಯಲ್ಲಿ ಇಪ್ಪತ್ತಾರು ವರ್ಷ ಕುರಿ ಕಡಿದವನು. ಮೆರ್ವಿನ್ ಅವನ ಹೆಂಡತಿ ಲಿನೆಡ್‌ಳ ತಮ್ಮ, ಮದುವೆಯಾಗದವನು, ಹೊಲಗಳಲ್ಲಿ ಹೆಗ್ಗಣದಂತೆ ನೆಲ ಕೊರೆಯುವ ಮೋಲ್‌ಗಳನ್ನು ಹಿಡಿದು ಕೊಲ್ಲುವುದು ಅವನ ಕಸುಬು. ಮೇ ತಿಂಗಳು ಬಂದರೆ ಕಸಾಯಿಖಾನೆಗೆ ಕುರಿ ಬರುವುದು ಕಡಿಮೆ. ಹುಲ್ಲು ಮೊಣಕಾಲುದ್ದ ಬೆಳೆದು ಮೋಲ್‌ನ ಮಣ್ಣುಗುಡ್ಡೆ ಕಾಣುವುದಿಲ್ಲ. ಆಗ ಭಾವ ಭಾಮೈದ ಇಬ್ಬರೂ ಒಂದು ವಾರ ವ್ಯಾನು ಹತ್ತುತ್ತಿದ್ದರು. ಸೋಮವಾರ ಇರ್ವಾನ್ ಹೊಳೆ, ಆಮೇಲೆ ಐಥಾನ್, ಬುಧವಾರ ಬಾನ್ವಿ, ಕೊನೆಗೆ ತಾನಾಟ್. ವ್ಯಾನು ಇಡ್ವಲ್‌ನದು, ಒಳಗೆಲ್ಲ ಕುರಿಯ ಕೊಬ್ಬಿನ ವಾಸನೆ. ದಾರಿ ಮಾತ್ರ ಮೆರ್ವಿನ್‌ನದು. ಯಾವ ರೈತನೂ ಅವನಿಗೆ ಗೇಟು ತೆಗೆಯದೆ ಇರುತ್ತಿರಲಿಲ್ಲ. ಇಡ್ವಲ್ ಒಬ್ಬನೇ ಹೋದರೆ ನಾಯಿ ಬಿಡುತ್ತಿದ್ದರು.

ಆ ಹೊಳೆಗಳು ಕಿರಿದು, ಎರಡೂ ದಡದ ಮರಗಳು ನೀರಿನ ಮೇಲೆ ಬಾಗಿ ಕೂಡಿಕೊಂಡಿರುತ್ತವೆ. ಇಬ್ಬರು ಒಟ್ಟಿಗೆ ನಿಂತರೆ ಟ್ರೌಟ್ ಮೀನು ಓಡಿಹೋಗುತ್ತದೆ. ಅದಕ್ಕೇ ಇಬ್ಬರಿಗೂ ಒಂದೇ ಗಾಳದ ಕೋಲು. ಕೋಳಿಗರಿಯಲ್ಲಿ ಕಟ್ಟಿದ ಹುಸಿ ನೊಣವನ್ನು ಒಬ್ಬ ನೀರಿಗೆ ಬಿಡುತ್ತಾನೆ, ಇನ್ನೊಬ್ಬ ಹಿಂದೆ ಕೂತು ಉಸಿರು ಬಿಗಿಹಿಡಿಯುತ್ತಾನೆ. ಮೀನು ಕಚ್ಚಿತೋ, ಸಿಕ್ಕಲಿ ತಪ್ಪಲಿ, ಕೋಲು ಕೈ ಬದಲಾಯಿಸಬೇಕು. ಇದು ಇಡ್ವಲ್‌ನ ಅಪ್ಪನ ಕಾಲದಿಂದ ಬಂದ ಕಟ್ಟಳೆ.

ಸರದಿಯ ಜಗಳವಾದ ಆ ವರ್ಷ ಬಾನ್ವಿಯಲ್ಲಿ ಆಲ್ಡರ್ ಮರದ ಬೇರಿನ ಕೆಳಗಿನ ಗುಂಡಿಯಲ್ಲಿ ಒಂದು ದೊಡ್ಡ ಮೀನಿತ್ತು. ಅದನ್ನು ಕಂಡುಹಿಡಿದವನು ಇಡ್ವಲ್. ಹಿಂದಿನ ಸಂಜೆ ಅಲ್ಲಿಗೆ ಬಂದಿಳಿದೊಡನೆ ಒದ್ದೆ ಹುಲ್ಲಿನಲ್ಲಿ ಒಂದು ಗಂಟೆ ಮಕಾಡೆ ಮಲಗಿ ಅದು ಬಾಯಿ ತೆರೆಯುವುದನ್ನು ನೋಡಿದ್ದ. ಬೆಳಿಗ್ಗೆ ಸರದಿ ಮೆರ್ವಿನ್‌ನದು. ಒಂದು ಗೇಣುದ್ದದ ಮರಿ ಕಚ್ಚಿತು, ದಡದ ಹತ್ತಿರ ಕೊಸರಿಕೊಂಡು ಹೋಯಿತು. ಇಡ್ವಲ್ ಎದ್ದು ಕೈಚಾಚಿದ.

"ಕೊಡಿಲ್ಲಿ."

"ಕೈಗೆ ಸಿಕ್ಕಿಲ್ವಲ್ಲ ಭಾವ. ಅದು ಎಣಿಕೆಗಿಲ್ಲ."

"ಕಚ್ಚಿದ್ದು ಕಚ್ಚಿದ್ದೇ. ಕೊಡೋ ಕೋಲು!"

"ಶ್, ಮೆತ್ತಗೆ. ಮೀನು ಓಡೋಗುತ್ತೆ" ಎನ್ನುತ್ತಲೇ ಮೆರ್ವಿನ್ ನೊಣ ಬೀಸಿದ. ದೊಡ್ಡದು ಕಚ್ಚಿತು. ಮೂರು ಪೌಂಡಿನ ಮೇಲಿತ್ತು. ಮೀನಿನ ತಲೆಗೆ ಬಡಿಯಲು ಇಡ್ವಲ್‌ನ ಜೇಬಿನಲ್ಲಿ ಟಗರಿನ ಕೊಂಬಿನೊಳಗೆ ಸೀಸ ಹೊಯ್ದ ಗಿಡ್ಡ ದೊಣ್ಣೆ ಇರುತ್ತಿತ್ತು. ಕೊನೆಯ ಪ್ರಾರ್ಥನೆ ಹೇಳುವವನು ಎಂದು ಅದಕ್ಕೆ ಅಲ್ಲಿ 'ಪಾದ್ರಿ' ಎಂದೇ ಹೆಸರು. ಇಡ್ವಲ್ ಪಾದ್ರಿಯನ್ನು ಮೊದಲು ಮೀನಿನ ತಲೆಗೆ ಬಡಿದ, ಆಮೇಲೆ ಅದೇ ಬೀಸಿನಲ್ಲಿ ಮೆರ್ವಿನ್‌ನ ಬಾಯಿಗೆ. ಮುಂದಿನ ಎರಡು ಹಲ್ಲು ಕಲ್ಲಿನ ಮೇಲೆ ಬಿದ್ದವು. ಆ ಮೀನನ್ನು ಇಬ್ಬರೂ ಹಂದಿಕೊಬ್ಬಿನಲ್ಲಿ ಕರಿದು ತಿಂದರು. ಮೆರ್ವಿನ್ ನಾಲಿಗೆಯಲ್ಲೇ ನುರಿದುಕೊಂಡು ತಿಂದ.

ಅದಾದ ಮೇಲೂ ಹನ್ನೆರಡು ವರ್ಷ ಇಬ್ಬರೂ ಪ್ರತಿ ಮೇ ತಿಂಗಳೂ ಹೋದರು. ಪ್ರತಿ ವರ್ಷವೂ ಇಡ್ವಲ್ "ತಪ್ಪಾಯ್ತು ಅನ್ನು" ಎನ್ನುವುದು, ಮೆರ್ವಿನ್ ಕಟ್ಟಿಸಿಕೊಂಡ ಹಲ್ಲು ತೋರಿಸಿ ನಗುವುದು. "ಆ ಮರಿ ಎಣಿಕೆಗಿರ್ಲಿಲ್ಲ ಭಾವ." ಆಲ್ಡರ್ ಗುಂಡಿಯ ಹತ್ತಿರ ಬಂದಾಗ ಇಡ್ವಲ್ ಗಾಳ ಹಾಕುತ್ತಿರಲಿಲ್ಲ, ಮೆರ್ವಿನ್‌ನಿಗೂ ಬಿಡುತ್ತಿರಲಿಲ್ಲ. ನನ್ನ ಸರದಿ ಅಂತ ಬಾಯಿಬಿಟ್ಟು ಒಪ್ಪಿಕೊಂಡು ಕೊಟ್ಟರೆ ಮಾತ್ರ ತಗೋತೀನಿ ಎಂಬ ಹಟ.

ಈ ನಡುವೆ ಇಡ್ವಲ್ ಇನ್ನೊಂದು ಕಡೆ ಕೈ ಮಾಡಿದ್ದ. ಕಸಾಯಿಖಾನೆ ತಪಾಸಣೆಗೆ ಬಂದವನೊಬ್ಬ ಅವನ ಚಾಕುವಿಗೆ ತುಕ್ಕು ಹಿಡಿದಿದೆ ಎಂದ. ಇಡ್ವಲ್ ಅವನ ಕೋಟಿನ ಕಾಲರ್ ಹಿಡಿದೆತ್ತಿ, ಕುರಿ ತೂಗುಹಾಕುವ ಕೊಕ್ಕೆಗೆ ಸಿಕ್ಕಿಸಿ, ಊಟಕ್ಕೆ ಹೋದ. ಕೋರ್ಟಿನಲ್ಲಿ ಜಡ್ಜು ಹೇಳಿದ್ದು ಒಂದೇ ಮಾತು: ಇನ್ನೊಂದು ಸಲ ಯಾರ ಮೇಲಾದರೂ ಕೈ ಎತ್ತಿದರೆ ಐದು ವರ್ಷ ಒಳಗೆ. ಲಿನೆಡ್ ಮೂರು ಮಕ್ಕಳನ್ನು ಮುಂದೆ ನಿಲ್ಲಿಸಿಕೊಂಡು ಅಳದೆ ಕೇಳಿಸಿಕೊಂಡಳು. ಮನೆಗೆ ಬಂದಮೇಲೆ ತಮ್ಮನನ್ನು ಕರೆದು, "ನಿಮ್ ಭಾವನ್ನ ನಿನ್ನ ಕೈಗೆ ಒಪ್ಪಿಸಿದೀನಿ ಮೆರ್ವಿನ್" ಎಂದಳು.

ಹದಿಮೂರನೇ ವರ್ಷ, ಬುಧವಾರ ಬೆಳಿಗ್ಗೆ ಎಂಟು ಗಂಟೆ. ಬಾನ್ವಿಯ ಗೇಟು ದಾಟಿ ಇಳಿಯುತ್ತಿದ್ದಂತೆ ನೀರಿನ ಮೇಲೆ ಬಿಳಿ ಬಿಳಿ ತೇಲಿಬರುವುದು ಕಂಡಿತು. ಟ್ರೌಟ್‌ಗಳು, ಹೊಟ್ಟೆ ಮೇಲಾಗಿ. ಬೆರಳುದ್ದದ ಮರಿಗಳೂ ಇದ್ದವು. ಇಡ್ವಲ್ ಒಂದನ್ನು ಎತ್ತಲು ಬಾಗಿದ.

"ಮುಟ್ಬೇಡ!" ಮೆರ್ವಿನ್ ಅವನ ತೋಳು ಜಗ್ಗಿದ. "ಇದು ಮೊಲದ ಬಿಲಕ್ಕೆ ಹಾಕೋ ವಿಷದ ಪುಡಿ. ವಾಸ್ನೆ ನಂಗ್ಗೊತ್ತು. ಮೂಗಿಗೆ ಹೋದ್ರೆ ಅಲ್ಲೇ ಬಿದ್ದೋಗ್ತೀಯ."

ಮೇಲೆ ಆಲ್ಡರ್ ಗುಂಡಿಯಲ್ಲಿ ಇಬ್ಬರು ಗಂಡಸರು ಇದ್ದರು. ತೆಳ್ಳಗಿನವನು ಬಲೆ ಹಿಡಿದು ಮೀನು ಬಾಚುತ್ತಿದ್ದ. ದಪ್ಪನೆಯವನು ಗೋಣಿಚೀಲ ತುಂಬುತ್ತಿದ್ದ. ಪೇಟೆಯ ಹೋಟೆಲಿಗೆ ಮಾರುವವರು. ಚೀಲದ ಬಾಯಲ್ಲಿ ಒಂದು ದೊಡ್ಡ ಬಾಲ ಹೊರಗೆ ಚಾಚಿತ್ತು, ಅಂಗೈಯಗಲ. ಆಲ್ಡರ್ ಬೇರಿನ ಕೆಳಗೆ ಆಮೇಲೆ ಬೆಳೆದಿದ್ದ ಇನ್ನೊಂದು ಮೀನು ಅದು. ಹನ್ನೆರಡು ವರ್ಷದಿಂದ ಇಡ್ವಲ್ ಯಾವ ಗುಂಡಿಗೆ ಗಾಳ ಹಾಕದೆ ಕಾದಿದ್ದನೋ ಆ ಗುಂಡಿಯದು.

"ಏನ್ರೋ ಮಾಡ್ತಿದೀರ?" ಇಡ್ವಲ್ ಗುಡುಗಿದ.

"ಹೋಗೋ ಮುದುಕ, ನಿನ್ನ ಕುರಿ ಕಾಯಿ ಹೋಗು" ಎಂದ ದಪ್ಪನೆಯವನು. ಎಂದವನೇ ಟಯರು ಬಿಚ್ಚುವ ಕಬ್ಬಿಣದ ಸಲಾಕೆ ಎತ್ತಿಕೊಂಡ. ತೆಳ್ಳಗಿನವನು ಇಡ್ವಲ್‌ನ ಮುಖ ನೋಡಿದ್ದೇ ಬಲೆ ಬಿಟ್ಟು ಓಡಿದ.

ಸಲಾಕೆಯ ಮೊದಲ ಏಟು ಇಡ್ವಲ್‌ನ ಭುಜಕ್ಕೆ ಬಿತ್ತು. ಎರಡನೆಯದು ಬೀಳಲಿಲ್ಲ. ಪಾದ್ರಿ ಆ ಮನುಷ್ಯನ ದವಡೆಗೆ ಬಡಿಯಿತು, ಒಣಕಟ್ಟಿಗೆ ಮುರಿದ ಸದ್ದಾಯಿತು. ಅವನು ಮಂಡಿಯೂರಿದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಇಡ್ವಲ್ ನಿಲ್ಲಿಸಲಿಲ್ಲ. ಕಿವಿಯ ಮೇಲೆ ಬಡಿದ. ಬಿದ್ದವನ ಎದೆಯ ಮೇಲೆ ಮೊಣಕಾಲೂರಿ, ಇಷ್ಟು ವರ್ಷ ಕುರಿಯ ಮೇಲೆ ಊರಿದ ಹಾಗೆಯೇ ಊರಿ, ಹಣೆಗೆ ಬಡಿದ, ಕಣ್ಣಿಗೆ ಬಡಿದ. ಪ್ರತಿ ಏಟಿಗೂ "ನನ್ ಸರದಿ! ನನ್ ಸರದಿ!" ಎನ್ನುತ್ತಿದ್ದ. ಮೆರ್ವಿನ್ ಹಿಂದಿನಿಂದ ಕುತ್ತಿಗೆಗೆ ತೋಳು ಹಾಕಿ ಎಳೆದು ಕೆಡವುವಷ್ಟರಲ್ಲಿ ಆ ಮನುಷ್ಯನ ಬಲಗಣ್ಣು ಇರಲಿಲ್ಲ.

"ಸತ್ನಾ?" ಇಡ್ವಲ್ ಏದುಸಿರು ಬಿಡುತ್ತ ಕೇಳಿದ.

"ಉಸಿರಾಡ್ತಿದಾನೆ. ಸುಮ್ನಿರು. ಬಾಯಿ ಮುಚ್ಚಿಕೊಂಡಿರು, ನಾನ್ ಹೇಳೋವರ್ಗೂ."

ಮೆರ್ವಿನ್ ಭಾವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಪಾದ್ರಿಯನ್ನು ತನ್ನ ಕೈಗೆ ತೆಗೆದುಕೊಂಡ. ರೈತನ ಮನೆಗೆ ಓಡಿ ಫೋನು ಮಾಡಿಸಿ, ವಾಪಸು ಬಂದು ಹುಲ್ಲಿನ ಮೇಲೆ ಕೂತ. ಪೊಲೀಸ್ ಸಾರ್ಜೆಂಟ್ ಬಂದು, ರಕ್ತ ಹತ್ತಿದ ಕೊಂಬನ್ನು ನೋಡಿ, "ಇದು ಯಾರ ಕೈಲಿತ್ತು?" ಎಂದ.

"ನನ್ನ ಕೈಲಿ. ಅವನೇ ಮೊದ್ಲು ಸಲಾಕೆ ಬೀಸಿದ. ನಮ್ ಭಾವ ಬಿಡಿಸೋಕೆ ಬಂದ್ರು."

ಇಡ್ವಲ್ ಬಾಯಿ ತೆರೆದ. ಮೆರ್ವಿನ್ ಅವನ ಕಡೆ ತಿರುಗಿ ಒಂದು ನೋಟ ನೋಡಿದ. "ಮೂರು ಮಕ್ಳು" ಎಂದಷ್ಟೇ ಅಂದ, ತುಟಿ ಅಲುಗಿಸದೆ. ಇಡ್ವಲ್ ಬಾಯಿ ಮುಚ್ಚಿದ. ತನ್ನ ಜೀವಮಾನದಲ್ಲಿ ಯಾರ ಮಾತಿಗೂ ಬಾಯಿ ಮುಚ್ಚದವನು ಆ ದಿನ ಮುಚ್ಚಿದ.

ಏಟು ತಿಂದವನಿಗೆ ಏನೂ ನೆನಪಿರಲಿಲ್ಲ. ಓಡಿದವನು ಕೋರ್ಟಿನ ಕಡೆ ತಲೆ ಹಾಕಲಿಲ್ಲ. ಮೆರ್ವಿನ್‌ನಿಗೆ ಹದಿನೆಂಟು ತಿಂಗಳು ಬಿತ್ತು, ಹನ್ನೆರಡು ಕಳೆದು ಹೊರಗೆ ಬಂದ. ಆ ಹನ್ನೆರಡು ತಿಂಗಳೂ ಲಿನೆಡ್ ಗಂಡನಿಗೆ ಅನ್ನ ಹಾಕಿದಳು, ಮಾತಾಡಲಿಲ್ಲ. ಒಂದೇ ಸಲ ಅಂದಿದ್ದು: "ನಿನ್ನ ಅಂಗಿ ತೊಳೆದೋಳು ನಾನು. ಮೊಣಕೈವರೆಗೂ ರಕ್ತ. ನನ್ ತಮ್ಮನ ಅಂಗಿ ಮೇಲೆ ಒಂದು ಹನೀನೂ ಇರ್ಲಿಲ್ಲ."

ಜೈಲಿಗೆ ಹೋಗಿಬಂದವನಿಗೆ ಹೊಲದ ಕೆಲಸ ಸಿಗಲಿಲ್ಲ. ಗೇಟು ತೆಗೆಯುತ್ತಿದ್ದ ಕೈಗಳು ಈಗ ಕಿಟಕಿ ಪರದೆ ಎಳೆದುಕೊಂಡವು. ಆದರೆ ಮೇ ತಿಂಗಳು ಬಂತು. ಇಡ್ವಲ್ ವ್ಯಾನು ತಂದು ಅವನ ಬಾಗಿಲಲ್ಲಿ ನಿಲ್ಲಿಸಿ ಹಾರ್ನ್ ಬಾರಿಸಿದ. ಬೇರೆ ಹೊಳೆಗಳನ್ನೆಲ್ಲ ಬಿಟ್ಟು ನೇರ ಬಾನ್ವಿಗೆ ಬಂದರು, ರೈತನನ್ನು ಕೇಳದೆಯೇ ಬೇಲಿ ಹಾರಿ. ಹೊಳೆಗೆ ಮತ್ತೆ ಜೀವ ಬಂದಿತ್ತು. ಆಲ್ಡರ್ ಬೇರಿನ ಕೆಳಗೆ ಒಂದು ಮೀನು ನೊಣ ನುಂಗುತ್ತ ನೀರಿನ ಮೇಲೆ ಉಂಗುರ ಎಬ್ಬಿಸುತ್ತಿತ್ತು.

ಇಡ್ವಲ್ ಕೋಲು ಜೋಡಿಸಿ, ನೊಣ ಕಟ್ಟಿ, ಮೆರ್ವಿನ್‌ನ ಕೈಗೆ ನೀಡಿದ.

"ತಗೋ."

"ನಂದಲ್ಲ ಸರದಿ. ನಿಂದು" ಎಂದ ಮೆರ್ವಿನ್. "ಆ ಮರಿ ಕಚ್ಚಿದ್ದು ನಿಜ. ಕೋಲು ಕೊಡ್ಬೇಕಿತ್ತು. ಆಸೆ ಆಯ್ತು, ಕೊಡ್ಲಿಲ್ಲ."

ಯಾವ ಮಾತಿಗೆ ಇಡ್ವಲ್ ಇಷ್ಟು ವರ್ಷ ಕಾದಿದ್ದನೋ ಅದು ಬಂತು. ಅದನ್ನು ಕೇಳಿ ಅವನಿಗೆ ಸಮಾಧಾನವಾಗಲಿಲ್ಲ, ಮೈಯೆಲ್ಲ ಉರಿದುಹೋಯಿತು.

"ಈಗ ಒಪ್ಕೋತೀಯಾ? ಈಗ? ಒಂದ್ ವರ್ಷ ನನ್ ಬದ್ಲು ಕಂಬಿ ಎಣಿಸಿ ಬಂದು, ಈಗ ಕೋಲೂ ನನ್ ಕೈಗೇ ಕೊಡ್ತೀಯಾ? ನಾನೇನು ಭಿಕ್ಷುಕನಾ? ತಗೋ ಅಂದ್ರೆ ತಗೋ!"

"ತಗೊಳಲ್ಲ."

"ಹೊಡೀತೀನಿ!"

"ಹೊಡಿ." ಮೆರ್ವಿನ್ ಬಾಯಿಂದ ಕಟ್ಟಿಸಿದ ಹಲ್ಲು ತೆಗೆದು, ಒರೆಸಿ, ಟೋಪಿಯೊಳಗೆ ಇಟ್ಟ. "ಈ ಸಲ ಮುರಿಯೋಕೆ ಹಲ್ಲಿಲ್ಲ ಭಾವ. ಇದೂ ಮುರಿದ್ರೆ ಕಟ್ಟಿಸೋ ದುಡ್ಡು ದಂಡ."

ಅವನ ಆ ಬೊಚ್ಚುಬಾಯಿಯ ನಗೆ ನೋಡಿ ಇಡ್ವಲ್ ಮುಷ್ಟಿ ಬಿಗಿದು ಬೀಸಿಯೇಬಿಟ್ಟ. ಬೀಸಿದ ಮೇಲೆ ಅರ್ಧದಾರಿಯಲ್ಲಿ ಆ ಮುಖಕ್ಕೆ ಹೊಡೆಯಲಾರೆ ಎಂದು ಗೊತ್ತಾಯಿತು. ಕೈ ಹಿಂದಕ್ಕೆ ಬರುವಂತಿರಲಿಲ್ಲ. ಮುಷ್ಟಿ ಮೆರ್ವಿನ್‌ನ ಕಿವಿ ಸವರಿಕೊಂಡು ಹೋಗಿ ಆಲ್ಡರ್ ಕಾಂಡಕ್ಕೆ ಅಪ್ಪಳಿಸಿತು. ನಾಲ್ಕು ಗೆಣ್ಣೂ ಪುಡಿಯಾದವು. ಕಿರುಬೆರಳಿನ ಮೂಳೆ ಚರ್ಮ ಹರಿದು ಬಿಳಿಯಾಗಿ ಹೊರಗೆ ಬಂತು. ಮರ ನಡುಗಿತು, ನೀರಿನ ಮೇಲಿನ ಉಂಗುರ ನಿಂತುಹೋಯಿತು.

"ಹೋಯ್ತು ಮೀನು" ಎಂದ ಮೆರ್ವಿನ್. ತನ್ನ ಅಂಗಿ ಹರಿದು ಭಾವನ ಕೈಗೆ ಸುತ್ತಿದ. ವ್ಯಾನು ಓಡಿಸಲು ಬಾರದವನು ಮೊದಲನೇ ಗೇರಿನಲ್ಲೇ ಆಸ್ಪತ್ರೆಯವರೆಗೆ ಓಡಿಸಿದ. ದಾರಿಯುದ್ದಕ್ಕೂ ಇಬ್ಬರೂ ಬೈದಾಡಿದರು.

ಆ ಕೈ ಮತ್ತೆ ಪೂರ್ತಿ ಮಡಚಲಿಲ್ಲ. ಚಾಕು ಹಿಡಿಯಲಿಲ್ಲ, ಗಾಳದ ಕೋಲೂ ಹಿಡಿಯಲಿಲ್ಲ. ಮೂರನೇ ಚಳಿಗಾಲಕ್ಕೆ ಮೆರ್ವಿನ್ ಎದೆಗೆ ಕಫ ಕಟ್ಟಿ ಸತ್ತ. ಆ ಥಂಡಿ ಜೈಲಿನಲ್ಲೇ ಹಿಡಿದದ್ದು ಎಂದು ಲಿನೆಡ್ ಹೇಳಿದಳು, ಗಂಡನ ಮುಖ ನೋಡದೆ. ಪೆಟ್ಟಿಗೆ ಹೊರಲು ಇಡ್ವಲ್ ಎಡ ಹೆಗಲು ಕೊಟ್ಟ.

ಸರದಿ ಕದ್ದ ಕಥೆಯನ್ನು ಅವನು ಕೇಳಿದವರಿಗೆಲ್ಲ ಹೇಳುತ್ತಾನೆ. ಆ ಹನ್ನೆರಡು ತಿಂಗಳ ಕಥೆಯನ್ನು ಇಂದಿನವರೆಗೆ ಯಾರಿಗೂ ಹೇಳಿಲ್ಲ. ಕೋಲು ಅಟ್ಟದ ಮೇಲಿದೆ, ಅವತ್ತು ಕಟ್ಟಿದ ನೊಣವನ್ನು ಬಿಚ್ಚಿಲ್ಲ. ಮೇ ತಿಂಗಳಲ್ಲಿ ಲಿನೆಡ್ ಒಮ್ಮೆ ಅದರ ಧೂಳು ಒರೆಸುತ್ತಾಳೆ. ಒರೆಸಿ, "ಯಾರದು ಸರದಿ?" ಎಂದು ಕೇಳುತ್ತಾಳೆ. ಇಡ್ವಲ್ ಎದ್ದು ಹಿತ್ತಿಲಿಗೆ ಹೋಗುತ್ತಾನೆ.