‘ಇಲ್ಲ’ ಎನ್ನುವ ಮೊದಲು ಬಾಗಿಲತ್ತ ಒಂದು ನೋಟ

ಬೆಳಗಿನ ಆರೂವರೆ. ಕಾರ್ಕಳ ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದಾದ ದೂರದಲ್ಲಿರುವ ಸ್ಕ್ಯಾನಿಂಗ್ ಸೆಂಟರಿನ ಶಟರ್ ಅರ್ಧ ಮಾತ್ರ ಮೇಲೆದ್ದಿದೆ. ಬಗ್ಗಿ ಒಳಗೆ ಹೋದರೆ ಫಿನಾಯಿಲ್ ವಾಸನೆ, ಒರೆಸಿದ ನೆಲ ಇನ್ನೂ ಹಸಿ. ಸ್ಕ್ಯಾನ್ ತೆಗೆಯುವ ತಂತ್ರಜ್ಞೆ ಮೇಬಲ್ ಕಂಪ್ಯೂಟರಿನ ಮುಂದೆ ಕುಳಿತು ಕೈ ಒರೆಸಿಕೊಳ್ಳುತ್ತಿದ್ದಾರೆ. ಅವರ ಬೆನ್ನ ಹಿಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ತೊಡೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಿರುವ ನಡುವಯಸ್ಸಿನ ಹೆಂಗಸನ್ನು ನೀವು ರೋಗಿಯ ಕಡೆಯವರೆಂದೇ ತಿಳಿಯುತ್ತೀರಿ. ನಾನೂ ಹಾಗೆಯೇ ತಿಳಿದು, ಪಾಪ ಯಾರಿಗೆ ಏನಾಗಿದೆಯೋ ಎಂದು ಮರುಗಿಯೂ ಬಿಟ್ಟಿದ್ದೆ.

ಅವರು ಸ್ವರ್ಣಲತಾ. ಊರು ಕಾಪು ಬಳಿಯ ಇನ್ನಂಜೆ, ಕೆಲಸ ಮಣಿಪಾಲದ ಒಂದು ಚಿಕ್ಕ ಸಾಫ್ಟ್‌ವೇರ್ ಕಂಪನಿಯಲ್ಲಿ. ಅವರು ಬರೆದ ಕೋಡ್ ಈ ಸೆಂಟರಿನ ಕಂಪ್ಯೂಟರಿನೊಳಗೆ ಕುಳಿತು ಫೈಲುಗಳನ್ನು ಬೇಗ ಬೇಗ ಹುಡುಕಿ ಕೊಡುತ್ತದೆ. ಅಥವಾ ಕೊಡಬೇಕು. ಕೊಡುತ್ತದೋ ಇಲ್ಲವೋ ಎಂಬುದು ಇವತ್ತು ಗೊತ್ತಾಗಲಿದೆ.

“ಇವತ್ತು ಶೀನಣ್ಣ ಬರ್ತಾರೆ,” ಎನ್ನುತ್ತಾರೆ ಸ್ವರ್ಣಲತಾ, ದನಿ ತಗ್ಗಿಸಿ. “ಹೋದ ಸಲದ ಹಾಗೆ ಈ ಸಲವೂ ಅವರ ಸ್ಕ್ಯಾನ್ ಕಾಣದೆ ಹೋದ್ರೆ ನನ್ನ ಕೋಡನ್ನು ತೆಗೆದು ಬಿಸಾಡ್ತಾರೆ. ಅದು ಬಿಡಿ, ಮತ್ತೆ ಬರೆಯಬಹುದು. ಆದ್ರೆ ಮೇಬಲ್ ಅವರ ಕೆಲಸ ಹೋಗ್ತದೆ.”

ಮೇಬಲ್ ತಿರುಗುವುದಿಲ್ಲ. ಕೇಳಿಸಿರಬೇಕು, ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಳ್ಳುತ್ತಾರೆ.

ಈ ಕಥೆ ನನಗೆ ಅರ್ಥವಾಗಬೇಕಾದರೆ ಮೊದಲು ಇನ್ನಂಜೆಗೆ ಹೋಗಬೇಕಾಯಿತು. ಹೋದ ಭಾನುವಾರ ಉಡುಪಿಯಿಂದ ಹೊರಟು ಕಾಪುವಿನಲ್ಲಿ ಹೆದ್ದಾರಿ ಬಿಟ್ಟೆ. ಅಲ್ಲೊಬ್ಬರನ್ನು ಇನ್ನಂಜೆಗೆ ದಾರಿ ಕೇಳಿದೆ. ಇನ್ನಂಜೆಯಲ್ಲಿ ಮತ್ತೊಬ್ಬರನ್ನು ರೈಲು ನಿಲ್ದಾಣದ ದಾರಿ ಕೇಳಿದೆ. ನಿಲ್ದಾಣದ ಹತ್ತಿರ, ಗದ್ದೆಯ ಬದುವಿನ ಮೇಲೆ ಹುಲ್ಲಿನ ಕಟ್ಟು ಹೊತ್ತು ಬರುತ್ತಿದ್ದವರನ್ನು ನಿಲ್ಲಿಸಿ “ಕಂಪ್ಯೂಟರ್ ಎಂಜಿನಿಯರ್ ಸ್ವರ್ಣಲತಾ ಅವರ ಮನೆ ಎಲ್ಲಿ?” ಎಂದೆ. ಅಂಥವರು ಇಲ್ಲಿ ಯಾರೂ ಇಲ್ಲ ಎಂದರು. ನಾನು ಗಾಡಿ ತಿರುಗಿಸುವಷ್ಟರಲ್ಲಿ ಹಿಂದಿನಿಂದ ಕೂಗು: “ಅಂಗಡಿ ಶೇಖರಣ್ಣನ ಮಗಳಾ? ಹಾಗೆ ಹೇಳಬೇಕಲ್ವಾ ಮಾರಾಯ್ರೆ!”

ಮನೆಯಲ್ಲಿ ಇದನ್ನು ಹೇಳಿದಾಗ ಸ್ವರ್ಣಲತಾ ನಕ್ಕು, “ನನ್ನ ಕೆಲಸ ನಿಮಗೆ ಅರ್ಧ ಅರ್ಥವಾಯಿತು ನೋಡಿ,” ಎಂದರು.

ಉಳಿದರ್ಧವನ್ನು ಅವರೇ ಬಿಡಿಸಿ ಹೇಳಿದರು. ಕಾರ್ಕಳದ ಸೆಂಟರಿನಲ್ಲಿ ಸ್ಕ್ಯಾನ್ ನೋಡುವ ತಂತ್ರಾಂಶ ಬಹಳ ಹಳೆಯದು, ಹೊಸ ಕಂಪ್ಯೂಟರಿನಲ್ಲಿ ಓಡುವುದಿಲ್ಲ. ಬದಲಿಸಲು ಅನುಕೂಲವಿಲ್ಲ. ಅದಕ್ಕಾಗಿ ಹೊಸ ಕಂಪ್ಯೂಟರಿನ ಒಳಗೇ ಒಂದು ಹಳೆಯ ಕಂಪ್ಯೂಟರ್ ಇರುವಂತೆ ನಟಿಸುವ ಏರ್ಪಾಡು ಮಾಡಿದ್ದಾರೆ. ವರ್ಚುವಲ್ ಮೆಷಿನ್ ಎನ್ನುವುದು ಅದಕ್ಕೇ. ಸ್ಕ್ಯಾನಿನ ಚಿತ್ರಗಳು ಬಂದು ಬೀಳುವುದು ಹೊರಗಿನ ಕಂಪ್ಯೂಟರಿಗೆ, ನೋಡುವ ತಂತ್ರಾಂಶ ಇರುವುದು ಒಳಗಿನದರಲ್ಲಿ. ಎರಡಕ್ಕೂ ಸೇರಿದ ಒಂದು ಫೋಲ್ಡರ್ ಉಂಟು, ಎರಡು ಮನೆಗಳ ನಡುವಿನ ಬಾವಿಯ ಹಾಗೆ.

“ಈಗ ಒಳಗಿನವನಿಗೆ ಒಂದು ಚಿತ್ರ ಬೇಕು. ನೇರ ಹೋಗಿ ತೆಗೆದುಕೊಳ್ಳಲಿಕ್ಕೆ ಆಗುವುದಿಲ್ಲ, ನೀವು ಬಂದ ಹಾಗೆಯೇ ಬರಬೇಕು. ಈ ವರ್ಷದ ಫೋಲ್ಡರ್ ಉಂಟಾ? ಉಂಟು. ಅದರಲ್ಲಿ ಈ ತಿಂಗಳದ್ದು ಉಂಟಾ? ಉಂಟು. ಅದರಲ್ಲಿ ಈ ರೋಗಿಯದ್ದು? ಅದರಲ್ಲಿ ಈ ಚಿತ್ರ? ಪ್ರತಿಯೊಂದು ತಿರುವಿನಲ್ಲೂ ಹೊರಗಿನವನನ್ನು ಕರೆದು ಕೇಳಬೇಕು. ಒಬ್ಬರ ಸಿ.ಟಿ. ಸ್ಕ್ಯಾನ್ ಅಂದ್ರೆ ನೂರಾರು ಚಿತ್ರ. ಪ್ರತಿ ಚಿತ್ರಕ್ಕೂ ಮೊದಲಿನಿಂದ ಅದೇ ಪ್ರಶ್ನೆ. ಕಾಪುವಿನಿಂದ ಇಲ್ಲಿಗೆ ನೂರಾರು ಸಲ ಬಂದು, ನೂರಾರು ಸಲವೂ ದಾರಿ ಕೇಳಿದ ಹಾಗೆ.”

ಹುಲ್ಲಿನ ಕಟ್ಟು ಹೊತ್ತವರು ಮೂರನೆಯ ಸಲಕ್ಕೇ ನನಗೆ ಮಂಗಳಾರತಿ ಮಾಡುತ್ತಿದ್ದರು. ಕಂಪ್ಯೂಟರಿಗೆ ಅಷ್ಟು ಕೋಪ ಬರುವುದಿಲ್ಲ, ನಿಧಾನವಾಗುತ್ತದೆ ಅಷ್ಟೇ. ಕಾರ್ಕಳದಲ್ಲಿ ಒಬ್ಬರ ಸ್ಕ್ಯಾನ್ ತೆರೆದುಕೊಳ್ಳುವುದರೊಳಗೆ ಮೇಬಲ್ ಒಂದು ಲೋಟ ಚಹಾ ಕುಡಿದು ಮುಗಿಸಬಹುದಿತ್ತು. ಹೊರಗೆ ಬೆಂಚಿನ ಮೇಲೆ ಜನ ಕೆಮ್ಮುತ್ತ ಕುಳಿತಿರುತ್ತಿದ್ದರು.

ಸ್ವರ್ಣಲತಾ ಮಾಡಿದ್ದು ಕೇಳಲು ಬಹಳ ಸುಲಭ. ಒಮ್ಮೆ ಕೇಳಿ ತಿಳಿದ ದಾರಿಯನ್ನು ಒಳಗಿನ ಕಂಪ್ಯೂಟರ್ ನೆನಪಿಟ್ಟುಕೊಳ್ಳುವಂತೆ ಮಾಡಿದರು. ಉಂಟು ಎಂದು ಗೊತ್ತಿದ್ದದ್ದನ್ನು ಮತ್ತೆ ಕೇಳುವುದು ಬೇಡ. ಇಲ್ಲ ಎಂದು ಗೊತ್ತಿದ್ದದ್ದನ್ನೂ ಕೇಳುವುದು ಬೇಡ. ಮಾಡಲು ಮಾತ್ರ ಒಂದು ಮಳೆಗಾಲ ಪೂರ್ತಿ ಹಿಡಿಯಿತು. ಸ್ಕ್ಯಾನುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಳ್ಳತೊಡಗಿದವು. ಚಹಾಕ್ಕೆ ಸಮಯವೇ ಸಿಗುವುದಿಲ್ಲ ಎಂದು ಮೇಬಲ್ ಫೋನಿನಲ್ಲಿ ದೂರಿದರಂತೆ. ಸ್ವರ್ಣಲತಾ ಪಾಲಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಬೇಡವಾಗಿತ್ತು.

ಎಡವಟ್ಟಾದದ್ದು ಆಮೇಲೆ. ಕೆಲವರ ಸ್ಕ್ಯಾನ್ ಕಾಣೆಯಾಗತೊಡಗಿತು. ತೆಗೆದದ್ದು ನಿಜ, ಯಂತ್ರ ಓಡಿದ್ದು ನಿಜ, ಆದರೆ ಹುಡುಕಿದರೆ ‘ಇಲ್ಲ’. ಬಜಗೋಳಿ ಕಡೆಯ ಶೀನ ಅವರಲ್ಲಿ ಒಬ್ಬರು. ಅವರು ಆಯುಷ್ಯವಿಡೀ ಕಲ್ಲು ಕೆತ್ತಿದವರು, ಎದೆಯೊಳಗೆಲ್ಲ ಆ ಪುಡಿಯೇ. ಒಮ್ಮೆ ಸ್ಕ್ಯಾನ್ ಮುಗಿಸಿ ಮನೆಗೆ ಹೋದವರನ್ನು ಮರುದಿನ ವಾಪಸು ಕರೆಸಿ ಮತ್ತೆ ಯಂತ್ರದಲ್ಲಿ ಮಲಗಿಸಬೇಕಾಯಿತು. “ಈ ಬಾಯಮ್ಮ ನಿನ್ನೆ ತೆಗೆದೇ ಇಲ್ಲ, ಸುಮ್ಮನೆ ಮಲಗಿಸಿ ಎಬ್ಬಿಸಿದ್ದು,” ಎಂದು ಅವರು ಎಲ್ಲರೆದುರು ಮೇಬಲ್ ಮೇಲೆ ಜೋರು ಮಾಡಿದರು; ಈ ಕಡೆ ಕ್ರೈಸ್ತ ಹೆಂಗಸರನ್ನು ಬಾಯಮ್ಮ ಎನ್ನುವುದು ವಾಡಿಕೆ. ಅವರದ್ದೇನು ತಪ್ಪು? ಬಟ್ಟೆ ಬಿಚ್ಚಿ ಚಳಿಯ ಕೋಣೆಯಲ್ಲಿ ಎರಡೆರಡು ಸಲ ಮಲಗಿದರೆ ಯಾರಿಗಾದರೂ ತಲೆ ಕೆಡುತ್ತದೆ.

ಮಾಲಕರಿಗೆ ಇನ್ನೊಂದು ಅನುಮಾನ. ಸೆಂಟರಿನಲ್ಲಿ ಸ್ಕ್ಯಾನ್ ತೆಗೆಯುವವರು ಇಬ್ಬರು. ಕಾಣೆಯಾಗುತ್ತಿದ್ದದ್ದು ಮೇಬಲ್ ತೆಗೆದವು ಮಾತ್ರ. ಇನ್ನೊಬ್ಬರದ್ದು ಒಂದೂ ತಪ್ಪಿಲ್ಲ. ಇನ್ನೊಂದು ಸಲ ಹೀಗಾದರೆ ಮನೆಯಲ್ಲೇ ಇರಿ ಎಂದು ಮೇಬಲ್‌ಗೆ ಹೇಳಿಬಿಟ್ಟರು.

“ನಾನು ಪ್ರತಿಯೊಂದನ್ನೂ ನೋಡಿಯೇ ಮಾಡುವವಳು. ಹಾಗಾದ್ರೆ ನನಗೇ ಯಾಕೆ?” ಮೇಬಲ್ ಈಗಲೂ ಅದನ್ನೇ ಕೇಳುತ್ತಾರೆ. “ಇಪ್ಪತ್ತು ವರ್ಷ ಕೆಲಸ ಮಾಡಿದ್ದೇನೆ. ಕಳ್ಳಿ ಅನ್ನುವ ಹಾಗೆ ನೋಡಿದ್ರು.”

ಮಣಿಪಾಲದ ಕಚೇರಿಯಲ್ಲಿ ಕುಳಿತು ಸ್ವರ್ಣಲತಾ ನಡೆಸಿದ ಪರೀಕ್ಷೆಗಳಲ್ಲಿ ಯಾವ ದೋಷವೂ ಕಾಣಲಿಲ್ಲ. ತಂತ್ರಜ್ಞೆಯದ್ದೇ ಏನೋ ಅಜಾಗರೂಕತೆ ಇರಬೇಕು ಎಂದು ಕಡತ ಮುಚ್ಚಬಹುದಿತ್ತು. ಅವರು ಬಸ್ಸು ಹತ್ತಿ ಕಾರ್ಕಳಕ್ಕೆ ಬಂದು, ಇದೇ ಸ್ಟೂಲಿನ ಮೇಲೆ ಕುಳಿತರು. ಏನೂ ಕೇಳಲಿಲ್ಲ, ಮೇಬಲ್ ಕೈಗಳನ್ನೇ ನೋಡುತ್ತ ಕುಳಿತರು.

ಆಗ ಕಂಡಿತು. ಹೊಸ ಸ್ಕ್ಯಾನಿಗೆ ಒಂದು ಹೊಸ ಸಂಖ್ಯೆ ಕೊಡಬೇಕು. ಹಿಂದೆಂದೋ ಒಂದೇ ಸಂಖ್ಯೆ ಇಬ್ಬರಿಗೆ ಬಿದ್ದು ಒಬ್ಬರ ಹೊಟ್ಟೆ ಇನ್ನೊಬ್ಬರ ಹೆಸರಿಗೆ ಹೋಗಿತ್ತಂತೆ. ಆವತ್ತಿನಿಂದ ಮೇಬಲ್‌ಗೆ ಒಂದು ರೂಢಿ: ರೋಗಿಯನ್ನು ಒಳಗೆ ಕಳುಹಿಸುವ ಮೊದಲು ಆ ಸಂಖ್ಯೆಯನ್ನು ಒತ್ತಿ ನೋಡುತ್ತಾರೆ. ಇಂಥದ್ದು ಈಗಾಗಲೇ ಉಂಟಾ? ‘ಇಲ್ಲ’ ಎಂದು ಬಂದರೆ ಸಮಾಧಾನ, ಆಮೇಲೆ ಸ್ಕ್ಯಾನ್. ಇನ್ನೊಬ್ಬರಿಗೆ ಆ ಉಸಾಬರಿ ಇಲ್ಲ, ನೋಡದೆಯೇ ತೆಗೆಯುತ್ತಾರೆ.

ಮೇಬಲ್ ಕೇಳಿದಾಗ ಒಳಗಿನ ಕಂಪ್ಯೂಟರ್ ‘ಇಲ್ಲ’ ಎಂದಿತು, ಸರಿಯೇ. ಮತ್ತು ಆ ‘ಇಲ್ಲ’ವನ್ನು ಭದ್ರವಾಗಿ ನೆನಪಿಟ್ಟುಕೊಂಡಿತು. ಸ್ವಲ್ಪ ಹೊತ್ತಿನಲ್ಲೇ ಚಿತ್ರಗಳು ಬಂದು ಹೊರಗಿನ ಕಂಪ್ಯೂಟರಿಗೆ ಬಿದ್ದವು. ಒಳಗಿನದಕ್ಕೆ ಯಾರೂ ಹೇಳಲಿಲ್ಲ, ಅದು ಕೇಳಲೂ ಇಲ್ಲ. ಆಗಲೇ ಗೊತ್ತಿದೆಯಲ್ಲ, ಇಲ್ಲ ಎಂದು! ಯಾವಾಗಲೋ ಕಂಪ್ಯೂಟರ್ ಆರಿಸಿ ಹೊತ್ತಿಸಿದಾಗ ನೆನಪು ಅಳಿಸಿ ಹೋಗಿ, ಕಾಣೆಯಾದದ್ದೆಲ್ಲ ತಾನಾಗಿ ಪ್ರತ್ಯಕ್ಷ. ಎಚ್ಚರದಿಂದ ಕೆಲಸ ಮಾಡಿದವರಿಗೆ ಮಾತ್ರ ಕಚ್ಚುವ ದೋಷ. ಇಂಥ ಅನ್ಯಾಯವನ್ನು ನಾನು ಕಂಪ್ಯೂಟರಿನಿಂದ ನಿರೀಕ್ಷಿಸಿರಲಿಲ್ಲ.

“ನಾನು ಫೈಲ್ ಇಟ್ಟು ಆಮೇಲೆ ಕೇಳ್ತಾ ಇದ್ದೆ. ಎಲ್ಲ ಪರೀಕ್ಷೆಯೂ ಹಾಗೆಯೇ,” ಎನ್ನುತ್ತಾರೆ ಸ್ವರ್ಣಲತಾ. “ಇಡುವ ಮೊದಲೇ ಕೇಳುವವರು ಇರ್ತಾರೆ ಅಂತ ನನಗೆ ಹೊಳೆಯಲೇ ಇಲ್ಲ. ತಪ್ಪು ನನ್ನದು. ಮಾಲಕರ ಎದುರು ಅದನ್ನೇ ಹೇಳಿದೆ.”

ಕಂಪನಿಯಲ್ಲಿ ಒಂದು ಸುಲಭದ ಪರಿಹಾರ ತಯಾರಿತ್ತು. ಮೊದಲೇ ಒತ್ತಿ ನೋಡಬೇಡಿ ಎಂದು ಆ ಬಾಯಮ್ಮನಿಗೆ ಹೇಳಿದರಾಯಿತು, ಕೋಡ್ ಮುಟ್ಟುವುದೇ ಬೇಡ. ಸ್ವರ್ಣಲತಾ ಒಪ್ಪಲಿಲ್ಲ. ತನ್ನ ಕೋಡನ್ನು ಆ ದಿನವೇ ಹಿಂದಕ್ಕೆ ತೆಗೆದರು, ಸೆಂಟರ್ ಮತ್ತೆ ಚಹಾದ ಕಾಲಕ್ಕೆ ಮರಳಿತು. ಇನ್ನೊಂದೇ ಅವಕಾಶ, ಆಮೇಲೂ ತೊಂದರೆಯಾದರೆ ಇದನ್ನು ಕೈಬಿಡೋಣ ಎಂದಿತು ಕಂಪನಿ. ಮಾಲಕರು ಸ್ವರ್ಣಲತಾ ಮಾತನ್ನು ಅರ್ಧ ನಂಬಿದರು. ನಿಮ್ಮ ಹೊಸದು ಬಂದ ಮೇಲೂ ಮೇಬಲ್ ತೆಗೆದದ್ದು ಕಾಣೆಯಾದರೆ ದೋಷ ಯಾರದ್ದೆಂದು ಆಗ ನೋಡುವ ಎಂದರು.

ಹೊಸ ಕೋಡಿನ ಉಪಾಯ ಎಲ್ಲಿಂದ ಬಂತು ಎಂದು ಕೇಳಿದಾಗ ಅವರು ಮನೆಯ ಮುಂಭಾಗವನ್ನು ತೋರಿಸಿದರು. ಅಲ್ಲಿಯೇ ತಂದೆ ಶೇಖರ ಅವರ ದಿನಸಿ ಅಂಗಡಿ ಇತ್ತು, ಹಿಂದೆ ದಾಸ್ತಾನಿನ ಕೋಣೆ, ನಡುವೆ ಒಂದು ಬಾಗಿಲು. ತಂದೆ ಬೆಳಿಗ್ಗೆ ನೋಡಿ ಅವಲಕ್ಕಿ ಮುಗಿದಿದೆ ಎಂದು ಮನಸ್ಸಿನಲ್ಲಿಟ್ಟುಕೊಂಡರೆ ಮುಗಿಯಿತು, ದಿನವಿಡೀ ಕೇಳಿದವರಿಗೆಲ್ಲ “ಇಲ್ಲ”. ಅಷ್ಟರಲ್ಲಿ ಹಿಂಬಾಗಿಲಿನಿಂದ ಮೂಟೆ ಬಂದು, ತಾಯಿ ಕುಶಲಾ ಇಳಿಸಿಕೊಂಡಿರುತ್ತಿದ್ದರು. ಗಿರಾಕಿ ಮಾತ್ರ ಬೇರೆ ಅಂಗಡಿಗೆ.

“ಅದಕ್ಕೆ ಅಮ್ಮ ಏನಾದರೂ ಸಾಮಾನು ಬಂದ ಕೂಡಲೇ ನಡುಬಾಗಿಲಿನ ಚಿಲಕಕ್ಕೆ ಒಂದು ಕೆಂಪು ಬೈರಾಸು, ಮೈ ಒರೆಸುವ ವಸ್ತ್ರ, ಕಟ್ಟುತ್ತಿದ್ರು. ಅಪ್ಪ ಇಲ್ಲ ಅನ್ನುವ ಮೊದಲು ಒಮ್ಮೆ ಆ ಕಡೆ ಕಣ್ಣು ಹಾಯಿಸಿದ್ರೆ ಸಾಕು. ಬೈರಾಸು ಇಲ್ಲದಿದ್ರೆ ಎದ್ದು ಹೋಗುವ ಅಗತ್ಯವೇ ಇಲ್ಲ. ಇದ್ರೆ ಮಾತ್ರ ಎದ್ದು ನೋಡಬೇಕು. ನಾನು ಮಾಡಿದ್ದು ಅಷ್ಟೇ. ಫೋಲ್ಡರಿಗೆ ಏನಾದರೂ ಬಂದರೆ, ಅಲ್ಲಿಂದ ಏನಾದರೂ ಹೋದರೆ, ಹೊರಗಿನವನು ಒಂದು ಗುರುತು ಬದಲಿಸ್ತಾನೆ. ಒಳಗಿನವನಿಗೆ ಅದು ಕುಳಿತಲ್ಲಿಂದಲೇ ಕಾಣ್ತದೆ, ಕರೆದು ಕೇಳಬೇಕಂತ ಇಲ್ಲ.”

ಚಹಾ ತಂದ ಕುಶಲಾ ಅವರು ಇದನ್ನು ಕೇಳಿಸಿಕೊಂಡು ತಟ್ಟೆ ಕೆಳಗಿಟ್ಟರು. “ಎಂತ ಗುರುತು? ಬಾಗಿಲು ಗಾಳಿಗೆ ಬಡಿಯದ ಹಾಗೆ ಕಟ್ಟಿದ್ದು ಅದು. ಇವಳು ಬಂದವರಿಗೆಲ್ಲ ಹೀಗೇ ಹೇಳ್ತಾಳೆ.”

“ಸಾಮಾನು ಬಂದಾಗ ಮಾತ್ರ ಗಾಳಿ ಬರ್ತಿತ್ತಾ ಅಮ್ಮಾ?”

“ಹಿಂಬಾಗಿಲು ತೆಗೆದ್ರೆ ಗಾಳಿ ಬಾರದೆ ಇರ್ತದಾ?”

ತೀರ್ಪು ಹೇಳಲು ಶೇಖರಣ್ಣ ಈಗಿಲ್ಲ. ನಾನಂತೂ ಚಹಾದ ಲೋಟ ಎತ್ತಿಕೊಂಡೆ. ಮಗಳು ಮಾಡುವ ಕೆಲಸ ಏನೆಂದು ಗೊತ್ತಾ ಎಂದು ಕುಶಲಾ ಅವರನ್ನು ಕೇಳಿದ್ದಕ್ಕೆ, “ಹುಡುಕುವುದು ಬೇಗ ಆಗುವ ಹಾಗೆ ಮಾಡುವುದಂತೆ. ಮನೆಯಲ್ಲಿ ಅವಳ ಕನ್ನಡಕ ನಾನೇ ಹುಡುಕಿ ಕೊಡಬೇಕು,” ಎಂದರು.

ಸ್ವರ್ಣಲತಾ ಕಾಪುವಿನಲ್ಲಿ ಟೈಪಿಂಗ್ ಕಲಿಯಲು ಹೋಗಿ, ಪಕ್ಕದ ಕೋಣೆಯ ಕಂಪ್ಯೂಟರಿಗೆ ಮನಸೋತವರು. ಡಿಪ್ಲೊಮಾ ಮುಗಿಸಿ ಈ ಕಂಪನಿ ಸೇರಿದರು. ಜೊತೆಗಿದ್ದವರೆಲ್ಲ ಜನರ ಕಣ್ಣಿಗೆ ಬೀಳುವ ಆ್ಯಪ್ ಮಾಡುವ ಕಡೆಗೆ ಹೋದರು. ಯಾರಿಗೂ ಬೇಡವಾದ ಈ ತಳದ ಕೆಲಸ ಇವರಿಗೆ ಉಳಿಯಿತು. ಸರಿಯಾಗಿದ್ದರೆ ಯಾರೂ ನೆನೆಯುವುದಿಲ್ಲ, ಕೆಟ್ಟರೆ ಮಾತ್ರ ಹೆಸರು ಕೇಳಿಬರುತ್ತದೆ. ಬೇಸರವಾಗುವುದಿಲ್ಲವೇ ಎಂದರೆ, “ಆಗ್ತದೆ. ಬಡ್ತಿ ಸಿಕ್ಕಿದವರ ಪಾರ್ಟಿಯಲ್ಲಿ ಕೇಕ್ ತಿಂದು ಬರುವಾಗ ಬಸ್ಸಿನಲ್ಲಿ ಆಗ್ತದೆ,” ಎಂದು ನೇರವಾಗಿ ಹೇಳುತ್ತಾರೆ.

ಈಗ ಮತ್ತೆ ಕಾರ್ಕಳ. ಶಟರ್ ಪೂರ್ತಿ ಎದ್ದಿದೆ, ಬಿಸಿಲು ನೆಲಕ್ಕೆ ಬಿದ್ದಿದೆ. ಶೀನ ಎಲ್ಲರಿಗಿಂತ ಮೊದಲು ಬಂದು ಬೆಂಚಿನ ತುದಿಯಲ್ಲಿ ಕುಳಿತಿದ್ದಾರೆ. ಕೆಮ್ಮಿನ ನಡುವೆ ಹೇಳುತ್ತಾರೆ: “ಈ ಸಲ ಒಂದೇ ಸಲ ಮಲಗುವುದು ಬಾಯಮ್ಮ. ಮೊದಲೇ ಹೇಳಿದ್ದೇನೆ.”

“ಆಯ್ತು ಶೀನಣ್ಣ.”

ಮೇಬಲ್ ಹೊಸ ಸಂಖ್ಯೆ ನೋಡಿಕೊಂಡು ಕೀಲಿಮಣೆಯ ಮೇಲೆ ಕೈ ಇಡುತ್ತಾರೆ. ಕೈ ಅಲ್ಲೇ ನಿಲ್ಲುತ್ತದೆ. ಒತ್ತದೆ ಬಿಟ್ಟರೆ ಅವರಿಗೆ ಯಾವ ಅಪಾಯವೂ ಇಲ್ಲ, ಇವತ್ತಿನ ಮಟ್ಟಿಗೆ ಕೆಲಸ ಉಳಿಯುತ್ತದೆ. ಹಿಂದಕ್ಕೆ ತಿರುಗಿ ಕೇಳುತ್ತಾರೆ:

“ಸ್ವರ್ಣಕ್ಕ, ನೋಡಲಾ? ಬೇಡವಾ?”

“ನೋಡಿ. ಯಾವಾಗಲೂ ನೋಡುವ ಹಾಗೆಯೇ ನೋಡಿ.”

ಒತ್ತುತ್ತಾರೆ. ಪರದೆಯ ಮೇಲೆ, ಅಂಥದ್ದು ಇಲ್ಲ. ಶೀನ ಒಳಗೆ ಹೋಗುತ್ತಾರೆ, ಬಾಗಿಲು ಮುಚ್ಚುತ್ತದೆ, ಯಂತ್ರ ಗುಂಯ್‌ಗುಡುತ್ತದೆ. ಸ್ವರ್ಣಲತಾ ಲ್ಯಾಪ್‌ಟಾಪ್ ಮುಚ್ಚಿಬಿಟ್ಟಿದ್ದಾರೆ. ಅದರಲ್ಲಿ ನೋಡುವುದು ಏನೂ ಉಳಿದಿಲ್ಲವಂತೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಾರೆ. ನಾನೂ ಮನಸ್ಸಿನಲ್ಲೇ ದೇವರನ್ನು ನೆನೆಯುತ್ತಿದ್ದೇನೆ, ಕಂಪ್ಯೂಟರಿನ ವಿಷಯದಲ್ಲಿ ಇದು ಮೊದಲ ಸಲ.

ಶೀನ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೊರಗೆ ಬರುತ್ತಾರೆ. ಮೇಬಲ್ ಅದೇ ಸಂಖ್ಯೆಯನ್ನು ಮತ್ತೆ ಒತ್ತುತ್ತಾರೆ.

ಬಂತು. ಬೂದು ಬಣ್ಣದ ಎರಡು ಶ್ವಾಸಕೋಶಗಳು ಪರದೆಯ ತುಂಬ, ಒತ್ತಿದ ಬೆರಳು ಎತ್ತುವ ಮೊದಲೇ. ಪಕ್ಕದಲ್ಲಿ ಹಳೆಯ ಸ್ಕ್ಯಾನ್ ಕೂಡ. ಮೇಬಲ್ ಎರಡೂ ಕೈಗಳಿಂದ ಮುಖ ಒರೆಸಿಕೊಳ್ಳುತ್ತಾರೆ.

ಶೀನರಿಗೆ ಮಾತ್ರ ನಂಬಿಕೆ ಇಲ್ಲ. “ಇಷ್ಟು ಬೇಗವಾ? ನನ್ನದೇ ಅಲ್ವಾ ಅದು? ಸರಿ ನೋಡಿ ಬಾಯಮ್ಮ, ಬೇರೆಯವರದ್ದಿರಬಹುದು.”

ಮೇಬಲ್ ಹೆಸರು, ವಯಸ್ಸು, ಸಂಖ್ಯೆ ಎಲ್ಲವನ್ನೂ ಇನ್ನೊಮ್ಮೆ ಜೋರಾಗಿ ಓದಿ ಹೇಳುತ್ತಾರೆ. ನಿಮ್ಮದೇ ಶೀನಣ್ಣ. ಅವರು ತಲೆಯಾಡಿಸಿ, ವೈದ್ಯರನ್ನು ಕಾಯಲು ಮತ್ತೆ ಬೆಂಚಿಗೆ ಹೋಗುತ್ತಾರೆ. ಹಿಂದೆ ಕುಳಿತಿರುವ ಹೆಂಗಸು ಯಾರೆಂದು ಅವರು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಇನ್ನೇನಾದರೂ ಆಸೆ ಉಂಟಾ ಎಂದು ನಾನು ಸ್ವರ್ಣಲತಾರ ಕಿವಿಯ ಬಳಿ ಕೇಳುತ್ತೇನೆ, ಇಂಥ ಲೇಖನಗಳಲ್ಲಿ ಕೇಳಲೇಬೇಕಾದ ಪ್ರಶ್ನೆ. ಅವರು ಸುಮ್ಮನಿರಿ ಎಂದು ಕೈಸನ್ನೆ ಮಾಡುತ್ತಾರೆ.

ಮುಂದಿನವರ ಹೆಸರು ಕರೆಯುತ್ತಾರೆ. ಮೇಬಲ್ ಆ ರೋಗಿಯ ಹೊಸ ಸಂಖ್ಯೆಯನ್ನು ಒತ್ತುತ್ತಾರೆ, ಪರದೆ ನೋಡುತ್ತಾರೆ, ಇಲ್ಲ ಎಂದು ಬಂದ ಮೇಲೆ “ಒಳಗೆ ಹೋಗಿ” ಎನ್ನುತ್ತಾರೆ.

ಸ್ವರ್ಣಲತಾ ನನ್ನ ಮೊಣಕೈ ತಟ್ಟುತ್ತಾರೆ.

“ನೋಡಿದ್ರಾ? ಈಗ ನನ್ನನ್ನು ಕೇಳಲೇ ಇಲ್ಲ.”